ಐದು ನಿಮಿಷದ ಟ್ಯಾಕ್ಸಿ ಮತ್ತು ಕೋಡಿಹಳ್ಳಿಯ ವಿಮಾನ

ಇಂದಿರಾನಗರದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಐದೇ ನಿಮಿಷ, ಚಾರ್ಜು 1,700 ರೂಪಾಯಿ. 2024ರ ಅಕ್ಟೋಬರಿನಲ್ಲಿ ಸರ್ಲಾ ಏವಿಯೇಷನ್ ಕಂಪನಿಯೂ ನಮ್ಮ ವಿಮಾನ ನಿಲ್ದಾಣದವರೂ ಎಲೆಕ್ಟ್ರಿಕ್ ಹಾರುವ ಟ್ಯಾಕ್ಸಿಗಾಗಿ ಕೈಜೋಡಿಸಿದ ಸುದ್ದಿ ಬಂದಾಗ ಪತ್ರಿಕೆಗಳು ಎತ್ತಿ ಹಿಡಿದದ್ದು ಈ ಎರಡು ಅಂಕಿಗಳನ್ನೇ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ಸಿಕ್ಕಿಬಿದ್ದು ಮೊಬೈಲ್ ನೋಡುತ್ತಾ ಕೂತವರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು!

ಆದರೆ ನಾವು ಎಂಜಿನಿಯರಿಂಗ್ ಓದುವವರು. ಫಾರ್ವರ್ಡ್ ಮಾಡೋಕೆ ಮುಂಚೆ ಒಂದು ಭಾಗಾಕಾರ ಮಾಡಬಹುದು. ಇಂದಿರಾನಗರದಿಂದ ಏರ್‌ಪೋರ್ಟಿಗೆ ನೇರ ಗೆರೆ ಎಳೆದರೆ ಸುಮಾರು 25 ಕಿ.ಮೀ. ಐದು ನಿಮಿಷದಲ್ಲಿ ಮುಟ್ಟಬೇಕಾದರೆ ಗಂಟೆಗೆ 300 ಕಿ.ಮೀ. ವೇಗ ಬೇಕು, ಅದೂ ಮೇಲೇರುವ, ಕೆಳಗಿಳಿಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿಯದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಅದೇ ಕಂಪನಿ ತೋರಿಸಿದ ‘ಶೂನ್ಯ’ ಮಾದರಿಗೆ ಅವರೇ ಹೇಳಿಕೊಂಡಿರುವ ಗರಿಷ್ಠ ವೇಗ 250. ಭಾಗಾಕಾರ ಅಲ್ಲೇ ಮುಗೀತು. ಇದಕ್ಕೂ ಮುಂಚೆ, 2022ರಲ್ಲಿ, ಬ್ಲೇಡ್ ಇಂಡಿಯಾದವರು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೆಲಿಕಾಪ್ಟರ್ ಸೇವೆ ಪ್ರಕಟಿಸಿದ್ದರು. ದರ ತೆರಿಗೆ ಬಿಟ್ಟು 3,250 ರೂಪಾಯಿ. ವಿಮಾನ ಇಂಧನದ ಬದಲು ಬ್ಯಾಟರಿ ಹಾಕಿದ ಮಾತ್ರಕ್ಕೆ ದರ ಅರ್ಧವಾಗುತ್ತಾ? ನಮಗಂತೂ ನಂಬಿಕೆ ಇಲ್ಲ.

ಈ ಮಾರ್ಗದಲ್ಲಿ ದೂರ ಸಮಸ್ಯೆ ಅಲ್ಲ, 25 ಕಿ.ಮೀ. ಬ್ಯಾಟರಿಗೆ ಕಷ್ಟವೇನಲ್ಲ. ಕಷ್ಟ ಇರೋದು ಜನರ ಲೆಕ್ಕದಲ್ಲಿ. ಆರು ಜನ ಕೂರುವ ಟ್ಯಾಕ್ಸಿ ಐದು ನಿಮಿಷಕ್ಕೊಂದರಂತೆ ಹೊರಟರೂ ಗಂಟೆಗೆ 72 ಜನ, ಅಂದರೆ ಎರಡು ವಾಯು ವಜ್ರ ಬಸ್ಸು. ಆರು ಬೋಗಿಯ ಒಂದೇ ಒಂದು ಮೆಟ್ರೋ ರೈಲು ಸಾವಿರಕ್ಕೂ ಹೆಚ್ಚು ಜನರನ್ನು ಹೊರುತ್ತೆ. ಕೆ.ಆರ್. ಪುರದಿಂದ ಏರ್‌ಪೋರ್ಟಿಗೆ ಕಟ್ಟುತ್ತಿರುವ ನೀಲಿ ಮಾರ್ಗ ಬೇಗ ಮುಗಿಯಲಿ ಅಂತ ಗಲಾಟೆ ಮಾಡೋದನ್ನು ಬಿಟ್ಟು ನಾವು ಆಕಾಶ ನೋಡುತ್ತಾ ನಿಂತಿದ್ದೇವೆ.

ಹಾಗಾದರೆ ದೂರದ ಊರುಗಳಿಗೆ? ಇಲ್ಲೇ ಬ್ಯಾಟರಿಯ ನಿಜವಾದ ತಾಪತ್ರಯ ಶುರು. ಒಂದು ಕೆಜಿ ವಿಮಾನ ಇಂಧನದಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿ ಇರುತ್ತೆ. ಇವತ್ತಿನ ಲಿಥಿಯಂ ಬ್ಯಾಟರಿ ಪ್ಯಾಕಿನಲ್ಲಿ, ಕೂಲಿಂಗು, ಕವಚ ಎಲ್ಲ ಸೇರಿಸಿ ತೂಗಿದರೆ, ಕೆಜಿಗೆ 200ರ ಆಸುಪಾಸು. ಮೋಟಾರಿನ ದಕ್ಷತೆ ಎಂಜಿನ್ನಿನ ಮೂರು ಪಟ್ಟು ಅನ್ನೋದು ನಿಜ. ಅದನ್ನು ಕಳೆದರೂ ಇಪ್ಪತ್ತು ಪಟ್ಟಿನ ಅಂತರ ಉಳಿಯುತ್ತೆ. ಸಾಲದ್ದಕ್ಕೆ ಇಂಧನ ಉರಿದಂತೆಲ್ಲ ವಿಮಾನ ಹಗುರ ಆಗುತ್ತೆ, ಬ್ಯಾಟರಿ ಖಾಲಿಯಾದರೂ ತೂಕ ಒಂದು ಗ್ರಾಂ ಇಳಿಯೋದಿಲ್ಲ. ಇಂದಿರಾನಗರದ ರಸ್ತೆ ತುಂಬ ಎಲೆಕ್ಟ್ರಿಕ್ ಸ್ಕೂಟರ್ ನೋಡಿ ‘ಮುಂದಿನದು ವಿಮಾನ’ ಅಂದುಕೊಂಡವರು ಇದನ್ನು ಮರೆಯುತ್ತಾರೆ. ಸ್ಕೂಟರಿನ ಭಾರವನ್ನು ರಸ್ತೆ ಹೊರುತ್ತೆ. ವಿಮಾನ ತನ್ನ ಭಾರವನ್ನು ತಾನೇ ಹೊರಬೇಕು, ಕ್ಷಣ ಕ್ಷಣಕ್ಕೂ ಶಕ್ತಿ ಖರ್ಚು ಮಾಡಿ.

ಲೆಕ್ಕ ಹಾಕಿಯೇ ನೋಡಿ. ವಿಮಾನದ ತೂಕದಲ್ಲಿ ಶೇ. 30 ಬ್ಯಾಟರಿ, ಎತ್ತುಬಲಕ್ಕೂ ಗಾಳಿಯ ಎಳೆತಕ್ಕೂ ಇರುವ ಅನುಪಾತ 15, ಒಟ್ಟು ದಕ್ಷತೆ ಶೇ. 75 ಅಂತ ಇಟ್ಟುಕೊಂಡರೆ ಸಿಗೋದು ಸುಮಾರು 250 ಕಿ.ಮೀ. ಅದರಲ್ಲಿ ಅರ್ಧ ಗಂಟೆಯ ಮೀಸಲು ಕಡ್ಡಾಯ. ಇಳಿಯುವ ಜಾಗದಲ್ಲಿ ಮಳೆ ಬಂದರೆ ಗಾಳಿಯಲ್ಲೇ ಸುತ್ತಬೇಕಲ್ಲ! ಗಂಟೆಗೆ 200ರ ವೇಗದಲ್ಲಿ ಆ ಮೀಸಲಿಗೇ 100 ಕಿ.ಮೀ. ಹೋಯಿತು. ಉಳಿದದ್ದು 150. ಎಚ್‌ಎಎಲ್‌ನಿಂದ ಹಾರಿದರೆ ಮೈಸೂರು ಹೇಗೋ ಸಿಗುತ್ತೆ. ಮಂಗಳೂರು, ಹುಬ್ಬಳ್ಳಿ ಮರೆತುಬಿಡಿ. ಇನ್ನು ರೆಕ್ಕೆಯ ನೆರವಿಲ್ಲದೆ ನೇರ ಮೇಲೇರುವ ಯಂತ್ರಕ್ಕೆ ಶಕ್ತಿ ಇನ್ನೂ ಹೆಚ್ಚು ಬೇಕು.

ಹೊರದೇಶದವರ ಕತೆಯೂ ಬೇರೆ ಅಲ್ಲ. ಎವಿಯೇಷನ್ ಕಂಪನಿಯ ‘ಆಲಿಸ್’ 2022ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿದ್ದು ಎಂಟು ನಿಮಿಷ. ಸ್ವೀಡನ್ನಿನ ಹಾರ್ಟ್ ಏರೋಸ್ಪೇಸ್ 19 ಸೀಟಿನ ಶುದ್ಧ ಎಲೆಕ್ಟ್ರಿಕ್ ವಿಮಾನ ಬಿಟ್ಟು 30 ಸೀಟಿನ ಹೈಬ್ರಿಡ್‌ಗೆ ಹೊರಳಿತು. ಜರ್ಮನಿಯ ಲಿಲಿಯಂ, ವೋಲೋಕಾಪ್ಟರ್ ಎರಡೂ 2024ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿದವು.

ಇಷ್ಟೆಲ್ಲ ಹೇಳಿ ನಾವು ಎಲೆಕ್ಟ್ರಿಕ್ ವಿಮಾನವೇ ಬೇಡ ಅನ್ನುತ್ತಿಲ್ಲ. ಅದರ ಜಾಗ ಬೇರೆ ಇದೆ, ಅದೂ ಇಂದಿರಾನಗರದ ಪಕ್ಕದಲ್ಲೇ. ಹಳೇ ಏರ್‌ಪೋರ್ಟ್ ರಸ್ತೆಯ ಕೋಡಿಹಳ್ಳಿಯಲ್ಲಿರುವ ಎನ್‌ಎಎಲ್ ಎರಡು ಸೀಟಿನ ‘ಹಂಸ’ ತರಬೇತಿ ವಿಮಾನ ಮಾಡಿದೆ. ಅದರ ಹೊಸ ರೂಪ ‘ಹಂಸ-ಎನ್‌ಜಿ’ 2021ರ ಸೆಪ್ಟೆಂಬರಿನಲ್ಲಿ ಹಾರಿತು. ಇದರ ಎಲೆಕ್ಟ್ರಿಕ್ ತಮ್ಮನಾಗಿ ‘ಇ-ಹಂಸ’ ಬರುತ್ತೆ, ಬೆಲೆ ಸುಮಾರು 2 ಕೋಟಿ ಅಂತ ಕೇಂದ್ರ ಸಚಿವ ಜಿತೇಂದ್ರ ಸಿಂಗ್ 2025ರ ಮೇ ತಿಂಗಳಲ್ಲಿ ಹೇಳಿದರು. ತರಬೇತಿ ವಿಮಾನ ಹೊರಟಲ್ಲಿಗೇ ವಾಪಸ್ ಬರುತ್ತೆ. ಏರು, ಸುತ್ತು, ಇಳಿ, ಮತ್ತೆ ಏರು. ಊರು ಸೇರಬೇಕಾದ ಪ್ರಶ್ನೆಯೇ ಇಲ್ಲ, ಚಾರ್ಜರ್ ಒಂದೇ ಕಡೆ ಇದ್ದರೆ ಸಾಕು. 2020ರಲ್ಲಿ ಯುರೋಪಿನ ಪ್ರಮಾಣಪತ್ರ ಪಡೆದ ಮೊದಲ ಎಲೆಕ್ಟ್ರಿಕ್ ವಿಮಾನ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ ಕೂಡ ಇಂಥದ್ದೇ ಎರಡು ಸೀಟಿನದು. ಮೀಸಲು ಬಿಟ್ಟು ಹೆಚ್ಚೆಂದರೆ 50 ನಿಮಿಷ ಹಾರುತ್ತೆ. ಅದು ಹೊರುವ ಸುಮಾರು 140 ಕೆಜಿ ಬ್ಯಾಟರಿಯ ಕೆಲಸವನ್ನು ಎಂಟು ಲೀಟರ್ ಪೆಟ್ರೋಲ್ ಮಾಡಿಬಿಡುತ್ತೆ, ಒಂದು ಸ್ಪ್ಲೆಂಡರ್ ಟ್ಯಾಂಕಿನಷ್ಟೂ ಬೇಡ. ಆದರೂ ಅದು ನಿಜವಾಗಿ ಹಾರುತ್ತಿದೆ, ವಿದ್ಯಾರ್ಥಿಗಳು ಅದರಲ್ಲಿ ಕಲಿಯುತ್ತಿದ್ದಾರೆ.

ನಮ್ಮಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ ಹಾರುವ ಟ್ಯಾಕ್ಸಿಯ ಮಿರಿಮಿರಿ ಮಿಂಚುವ ಥ್ರೀಡಿ ಚಿತ್ರ ಬರೆಯೋದು ಅಂತಾಗಿದೆ. ಪಿಪಿಟಿ ಚೆನ್ನಾಗಿರುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ರನ್‌ವೇ ಪಕ್ಕ ನಿಂತ ಬ್ಯಾಟರಿ ಪ್ಯಾಕು ಎಷ್ಟು ಕಾಯುತ್ತೆ, ಒಂದು ಸೆಲ್ಲಿಗೆ ಬೆಂಕಿ ಹತ್ತಿದರೆ ಪಕ್ಕದ್ದಕ್ಕೆ ಹರಡದಂತೆ ಏನು ಮಾಡಬೇಕು, ಐನೂರು ಸಲ ಚಾರ್ಜ್ ಆದ ಮೇಲೆ ಆ 50 ನಿಮಿಷದಲ್ಲಿ ಎಷ್ಟು ಉಳಿಯುತ್ತೆ? ಮೂರನೆಯ ಪ್ರಶ್ನೆಗಾದರೂ ನಮ್ಮ ಲ್ಯಾಬಿನಲ್ಲೇ, ನಾಲ್ಕು ಸೆಲ್ಲು, ಒಂದು ಚಾರ್ಜರ್, ಒಂದು ಸೆಮಿಸ್ಟರ್ ಇಟ್ಟುಕೊಂಡು ಉತ್ತರ ಹುಡುಕಬಹುದು. ಯಾರಾದರೂ ಮಾಡಿದರೆ ಗ್ರಾಫ್ ಸಮೇತ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.