ಸ್ಟಿಕ್ಕರ್ ಒಂದೇ, ವೇಗ ಬೇರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬಿಇ ಸೇರಿದ ನಮ್ಮಂಥವರು ಲ್ಯಾಪ್‌ಟಾಪ್ ಕೊಳ್ಳಲು ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ ಹತ್ತುತ್ತೇವೆ. ಜೊತೆಗೆ ಅಪ್ಪ, ಅವರ ಕಿಸೆಯಲ್ಲಿ ಹತ್ತಿ ಮಾರಿದ ಹಣ. ಅಂಗಡಿಯವರು ‘ಗ್ರಾಫಿಕ್ಸ್ ಕಾರ್ಡ್ ಐತ್ರಿ’ ಎಂದು ಹಸಿರು ಸ್ಟಿಕ್ಕರ್ ತೋರಿಸಿದರೆ ಮುಗಿಯಿತು, ಬೆಲೆಯ ಮಾತು ಶುರು. ನನ್ನ ತಕರಾರು ಇರುವುದು ಆ ಸ್ಟಿಕ್ಕರ್ ಬಗ್ಗೆಯೇ.

ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ನೋಡಿ. ಯಾವ ಲ್ಯಾಪ್‌ಟಾಪ್‌ನಲ್ಲಿದ್ದರೂ 2560 ಕೋರ್, 6 ಜಿಬಿ ಮೆಮೊರಿ. ಆದರೆ ಅದಕ್ಕೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ ತೀರ್ಮಾನಿಸುತ್ತದೆ: 35 ವಾಟ್‌ನಿಂದ 115 ವಾಟ್‌ವರೆಗೆ. ತೆಳ್ಳಗಿನ ಮಾದರಿಗಳಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ, ಹಾಗಾಗಿ ವಾಟ್ ಕೂಡ ಕಡಿಮೆ. ಕಡಿಮೆ ವಾಟ್‌ನ 4060, ಪೂರ್ತಿ ವಾಟ್‌ನ 4050ಗಿಂತ ಹಿಂದೆ ಬೀಳಬಹುದು. ಬೆಲೆ ಮಾತ್ರ ಮುಂದಿರುತ್ತದೆ. ಈ ಸಂಖ್ಯೆಗೆ ಟಿಜಿಪಿ ಎನ್ನುತ್ತಾರೆ. ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಪೂರ್ತಿ ಹೆಸರು ಹಾಕಿ ಹುಡುಕಿ. ಎಷ್ಟು ಎಚ್‌ಪಿ ಎಂದು ಕೇಳದೆ ಪಂಪ್‌ಸೆಟ್ ಕೊಳ್ಳದ ಅಪ್ಪನಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ.

ಕಾರ್ಡ್‌ಗೆ ಹಣ ಸಾಲದವರು ಇದನ್ನು ಓದಲೇಬೇಕು. ಇಂಟೆಲ್‌ನ ಐರಿಸ್ ಎಕ್ಸ್‌ಇ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎರವಲು. ರ‍್ಯಾಮ್ ಒಂದೇ ಸ್ಲಾಟ್‌ನಲ್ಲಿದ್ದರೆ ವಿಂಡೋಸ್ ಅದನ್ನು ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸುತ್ತದೆ. ಖಾಲಿ ಸ್ಲಾಟ್‌ಗೆ ಇನ್ನೊಂದು ರ‍್ಯಾಮ್ ಹಾಕಿಸಿದರೆ ಐರಿಸ್ ಹೆಸರೂ ಬರುತ್ತದೆ, ವೇಗವೂ ಹೆಚ್ಚುತ್ತದೆ. ಎರಡನೇ ಸ್ಲಾಟ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಕೆಲವು ಮಾದರಿಗಳಲ್ಲಿ ಇರುವುದಿಲ್ಲ.

ಅಷ್ಟಕ್ಕೂ ಎಲ್ಲರಿಗೂ ಕಾರ್ಡ್ ಬೇಕೇ? ವಿಟಿಯು ಮೊದಲ ವರ್ಷದ ಡ್ರಾಯಿಂಗ್‌ಗೆ, ಕೋಡಿಂಗ್‌ಗೆ ಬೇಡ. ಮಷಿನ್ ಲರ್ನಿಂಗ್ ಕಲಿಯುವವರಿಗೆ ಗೂಗಲ್ ಕೊಲ್ಯಾಬ್‌ನಲ್ಲಿ, ನೆಟ್‌ವರ್ಕ್ ಸಿಕ್ಕರೆ, ಸ್ವಲ್ಪ ಹೊತ್ತಿನ ಮಟ್ಟಿಗೆ ಜಿಪಿಯು ಉಚಿತವಾಗಿ ಸಿಗುತ್ತದೆ. ದೊಡ್ಡ ತ್ರೀಡಿ ಮಾದರಿ, ರೆಂಡರಿಂಗ್ ಮಾಡುವವರಿಗೆ ಕಾರ್ಡ್ ಬೇಕೇ ಬೇಕು. ಗೇಮ್ ಆಡುವವರಿಗೂ ಬೇಕು, ಆದರೆ ಮನೆಯಲ್ಲಿ ‘ಪ್ರಾಜೆಕ್ಟ್‌ಗೆ’ ಎನ್ನುತ್ತಾರೆ, ಇರಲಿ.

ಇನ್ನೊಂದು ಮಾತು, ಕರೆಂಟ್ ಹೋಗುವ ಊರಿನವರಿಗೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದರೆ ಆ 115 ವಾಟ್ ಸಿಗುವುದೇ ಇಲ್ಲ, ಕಾರ್ಡ್ ತಾನಾಗಿ ನಿಧಾನವಾಗುತ್ತದೆ. ಅಂಗಡಿಯಲ್ಲಿ ಕಂಡ ವೇಗವೆಲ್ಲ ಪ್ಲಗ್‌ನಲ್ಲಿದ್ದಾಗಿನದು.