ಮೊದಲ ಸೆಮಿಸ್ಟರ್ ದಾಟಿಸಿ, ಉಳಿದದ್ದು ಮಕ್ಕಳೇ ದಾಟುತ್ತಾರೆ

ಡಿಗ್ರಿಗೆ ಸೇರಿದ ಹುಡುಗ ನಾಲ್ಕು ತಿಂಗಳಿಗೆ ಊರಿಗೆ ವಾಪಸ್ ಬಂದರೆ ಕಟ್ಟೆ ಮೇಲೆ ಕೇಳುವ ಮಾತು ಒಂದೇ: ‘ಅವನ ತಲೆಗೆ ಓದು ಹತ್ತಲಿಲ್ಲ ಬಿಡ್ರಿ.’ ಹುಡುಗಿ ವಾಪಸ್ ಬಂದರೆ ಅಷ್ಟೂ ಕೇಳುವವರಿಲ್ಲ, ಸೀದಾ ವರ ನೋಡುವ ಮಾತು ಶುರು.

ವರದಿಗೆಂದು ತಾಲ್ಲೂಕು ಸುತ್ತುವಾಗ ಇಂಥ ಮನೆಗಳನ್ನು ಬಹಳ ಕಂಡಿದ್ದೇನೆ. ಮಕ್ಕಳ ತಲೆಯಲ್ಲಿ ದೋಷವಿಲ್ಲ. ಪಾಠ ಶುರುವಾಗುವ ದಿನ ಒಂದು, ಬಸ್ಸು, ಹಾಸ್ಟೆಲ್, ಸ್ಕಾಲರ್‌ಶಿಪ್ ಬರುವ ದಿನ ಇನ್ನೊಂದು. ಈ ನಡುವಿನ ಅಂತರದಲ್ಲೇ ಮಕ್ಕಳು ಕಳೆದುಹೋಗುತ್ತಾರೆ.

ಮೊದಲು ಬಸ್ಸಿನ ಲೆಕ್ಕ ನೋಡಿ. ಒಂದು ಸೆಮಿಸ್ಟರ್‌ಗೆ ಸುಮಾರು 90 ದಿನ ಪಾಠ, ದಿನಕ್ಕೆ ಐದು ಪೀರಿಯಡ್ ಎಂದಿಟ್ಟುಕೊಳ್ಳಿ. ಒಟ್ಟು 450. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಊರಿನ ಬಸ್ಸು ತಡವಾಗಿ ಮೊದಲ ಪೀರಿಯಡ್ ದಿನಾ ತಪ್ಪಿದರೆ 90 ಪೀರಿಯಡ್ ಅಲ್ಲೇ ಹೋಯಿತು. ಮೇಲೆ ಜ್ವರ ಬಂದು ಆರು ದಿನ ಮಲಗಿದರೆ ಹಾಜರಾತಿ 75ರ ಕೆಳಗೆ. ಆ ಹುಡುಗಿ ಮಿಕ್ಕ ಎಲ್ಲ ದಿನ ಕಾಲೇಜಿಗೆ ಹೋಗಿರುತ್ತಾಳೆ, ಒಂದು ದಿನವೂ ಬಂಕ್ ಹೊಡೆದಿರುವುದಿಲ್ಲ. ಆದರೂ ರಿಜಿಸ್ಟರ್‌ನಲ್ಲಿ ಅವಳು ‘ಶಾರ್ಟೇಜ್’.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದು ದೊಡ್ಡ ಆಸರೆ. ಆದರೆ ಒಂಬತ್ತೂವರೆಯ ಕ್ಲಾಸಿಗೆ ಹತ್ತೂವರೆಗೆ ಮುಟ್ಟಿಸುವ ಬಸ್ಸು ಪುಕ್ಕಟೆ ಆದರೇನು ಬಂತು?

ಇನ್ನು ಹಾಸ್ಟೆಲ್. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಂದಲೇ ಎಷ್ಟೋ ಬಡ ಮಕ್ಕಳು ಡಿಗ್ರಿ ಮುಗಿಸಿದ್ದಾರೆ. ಕೊರತೆ ಇರುವುದು ಸಮಯದಲ್ಲಿ. ಆಯ್ಕೆ ಪಟ್ಟಿ ಬರುವಷ್ಟರಲ್ಲಿ ಪಾಠ ಶುರುವಾಗಿರುತ್ತದೆ. ಅಲ್ಲಿಯತನಕ ಮಕ್ಕಳು ನೆಂಟರ ಮನೆಯಲ್ಲೋ, ನಾಲ್ಕು ಜನ ಸೇರಿ ಹಿಡಿದ ರೂಮಿನಲ್ಲೋ ಇರಬೇಕು. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಇದೆ, ಆದರೆ ಆ ದುಡ್ಡು ಮೊದಲ ತಿಂಗಳೇ ಖಾತೆಗೆ ಬೀಳುವುದಿಲ್ಲ. ಬಾಡಿಗೆ ಮಾತ್ರ ಮೊದಲ ತಿಂಗಳೇ ಕೊಡಬೇಕು.

ಮೂರನೆಯದು ಭಾಷೆ. ಪಿಯುಸಿಯಲ್ಲಿ ‘ಸವಕಳಿ’ ಎಂದು ಲೆಕ್ಕ ಮಾಡಿದ ಹುಡುಗನಿಗೆ ಬಿ.ಕಾಂ. ಕ್ಲಾಸಿನಲ್ಲಿ ಅದೇ ಲೆಕ್ಕ ‘ಡಿಪ್ರಿಸಿಯೇಷನ್’ ಎಂದು ಬರುತ್ತದೆ. ಲೆಕ್ಕ ಅವನಿಗೆ ಗೊತ್ತು, ಹೆಸರು ಗೊತ್ತಿಲ್ಲ. ಎದ್ದು ಕೇಳಿದರೆ ಪಕ್ಕದವರು ನಕ್ಕಾರು ಎಂಬ ಹೆದರಿಕೆ. ಎರಡು ವಾರ ಸುಮ್ಮನೆ ಕೂತವನು ಮೂರನೇ ವಾರ ಕೊನೇ ಬೆಂಚಿಗೆ, ಆಮೇಲೆ ಬಸ್‌ಸ್ಟ್ಯಾಂಡಿಗೆ.

ಅಣ್ಣ, ಅಕ್ಕಂದಿರ ನೋಟ್ಸೂ ಪೂರ್ತಿ ಕೈಹಿಡಿಯುವುದಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಡಿಗ್ರಿ ಪಠ್ಯ ಬದಲಾಯಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯವೂ ಮತ್ತೆ ಬದಲಾಯಿತು. ಅತಿಥಿ ಉಪನ್ಯಾಸಕರ ನೇಮಕ ತಡವಾದ ವರ್ಷವಂತೂ ಕೆಲವು ವಿಷಯಕ್ಕೆ ಪಾಠ ಮಾಡುವವರೇ ಇರುವುದಿಲ್ಲ. ಪಾಠ ತಡವಾದರೂ ಮಕ್ಕಳಿಗೆ ಸಿಗುವ ಓದುವ ದಿನ ಕಡಿಮೆಯೇ.

‘ಮೊಬೈಲ್ ಬಿಟ್ಟು ಓದಿದರೆ ಎಲ್ಲ ಸರಿ ಹೋಗುತ್ತದೆ’ ಎನ್ನುವವರಿದ್ದಾರೆ. ಅರ್ಧ ನಿಜ. ಪಿಯುಸಿವರೆಗೆ ಮೇಷ್ಟ್ರು ಬೈದು ಓದಿಸುತ್ತಿದ್ದರು. ಡಿಗ್ರಿಯಲ್ಲಿ ಯಾರೂ ಬೈಯುವುದಿಲ್ಲ, ಹೇಳದೆ ಕೇಳದೆ ಹಾಜರಾತಿ ಇಳಿಯುತ್ತಿರುತ್ತದೆ. ಆ ಸ್ವಾತಂತ್ರ್ಯ ನಿಭಾಯಿಸುವುದನ್ನು ಮಕ್ಕಳು ಕಲಿಯಲೇಬೇಕು. ಆದರೆ ಬಸ್ಸಿಗೂ ಹಾಸ್ಟೆಲ್ ಪಟ್ಟಿಗೂ ಮೊಬೈಲ್ ಕಾರಣವಲ್ಲವಲ್ಲ.

ಹಾಗಾದರೆ ಯಾರು ಏನು ಮಾಡಬಹುದು?

ಈಗಷ್ಟೇ ಸೇರಿದ ತಮ್ಮ, ತಂಗಿಯರೇ, ಮೊದಲ ವಾರವೇ ಮೂರು ವಿಷಯ ಕೇಳಿಕೊಳ್ಳಿ: ಯಾವ ವಿಷಯಕ್ಕೆ ಆಂತರಿಕ ಅಂಕ ಎಷ್ಟು, ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯಬಹುದೇ, ಹಾಜರಾತಿ ಎಲ್ಲಿ ನೋಡುವುದು. ಕ್ಲಾಸಿನಲ್ಲಿ ಕೇಳಲು ನಾಚಿಕೆಯಾದರೆ ಸ್ಟಾಫ್ ರೂಮಿಗೆ ಹೋಗಿ ಕೇಳಿ. ಹೊಸ ಇಂಗ್ಲಿಷ್ ಪದದ ಪಕ್ಕ ಕನ್ನಡದ ಪದ ಬರೆದಿಡಿ. ತಿಂಗಳೊಪ್ಪತ್ತಿನಲ್ಲಿ ಹೆದರಿಕೆ ಅರ್ಧ ಇಳಿಯುತ್ತದೆ.

ಅಪ್ಪ, ಅಮ್ಮಂದಿರು ಕಾಗದಪತ್ರವನ್ನು ಪಿಯುಸಿ ಫಲಿತಾಂಶ ಬಂದ ಕೂಡಲೇ ನೋಡಿಕೊಳ್ಳಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ, ಅದರ ಆರ್‌ಡಿ ನಂಬರ್ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಇದೆಯೇ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಸಿಕ್ಕಿಬೀಳುವುದು ಇಂಥ ಕಡೆಯೇ. ಇನ್ನೊಂದು ಮಾತು: ದಸರಾಕ್ಕೆ ಬಂದ ಮಗನನ್ನು ಹತ್ತಿ ಬಿಡಿಸಲು, ಮಗಳನ್ನು ಮನೆ ಕೆಲಸಕ್ಕೆ ಎಂದು ದೀಪಾವಳಿ ತನಕ ನಿಲ್ಲಿಸಿಕೊಳ್ಳಬೇಡಿ. ಮೇಲಿನ ಲೆಕ್ಕ ಇನ್ನೊಮ್ಮೆ ಓದಿ.

ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಹೋದರೆ ಓದೇ ಮುಗಿಯಿತು ಎಂದುಕೊಳ್ಳಬೇಡಿ. ಅದನ್ನು ಮತ್ತೆ ಕಟ್ಟಿ ಬರೆಯಬಹುದು. ಮಗಳನ್ನು ಕಾಲೇಜು ಬಿಡಿಸಿ ಮದುವೆ ಮಾಡಿದರೆ, ಬಿಟ್ಟ ಡಿಗ್ರಿಗೆ ಅವಳು ಮರಳುವುದು ಬಹಳ ಕಷ್ಟ.

ಊರಿನವರ ಕೆಲಸ ಬಸ್ಸು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಎಷ್ಟು ಮಕ್ಕಳು ಯಾವ ಕಾಲೇಜಿಗೆ ಹೋಗುತ್ತಾರೆ ಎಂಬ ಪಟ್ಟಿ, ಕಾಲೇಜಿನ ವೇಳಾಪಟ್ಟಿ ಸೇರಿಸಿ ಡಿಪೋಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗಿಂತ ಇದಕ್ಕೆ ತೂಕ ಹೆಚ್ಚು.

ಸರ್ಕಾರದ ಕೆಲಸವೂ ಕಷ್ಟದ್ದಲ್ಲ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅವುಗಳಿಗೆ ಬರುವವರಲ್ಲಿ ಹಳ್ಳಿ ಮಕ್ಕಳು ಬಹಳ. ಪಾಠ ಶುರುವಾಗುವ ಮೊದಲೇ ಹಾಸ್ಟೆಲ್ ಪಟ್ಟಿ, ಅತಿಥಿ ಉಪನ್ಯಾಸಕರ ನೇಮಕ ಮುಗಿಯಲಿ. ಬಸ್ಸೇ ತಡವಾದಾಗ ಮೊದಲ ಪೀರಿಯಡ್‌ನ ಹಾಜರಾತಿ ಕಳೆಯದಂತೆ ಒಂದು ಸುತ್ತೋಲೆ ಹೊರಡಲಿ. ಇಷ್ಟಕ್ಕೆ ಹೊಸ ಯೋಜನೆ, ಹೊಸ ಹೆಸರು ಯಾವುದೂ ಬೇಡ.

ಮುಂದಿನ ಸಲ ಕಟ್ಟೆ ಮೇಲೆ ಯಾರಾದರೂ ‘ಓದು ಹತ್ತಲಿಲ್ಲ’ ಎಂದರೆ, ಆ ಮಗುವಿನ ಬಸ್ಸು ಎಷ್ಟು ಗಂಟೆಗೆ ಬರುತ್ತಿತ್ತು ಎಂದು ಒಮ್ಮೆ ಕೇಳಿ ನೋಡಿ.