ಮನೆ ಸುತ್ತ ಮಿಣಮಿಣ, ಕೊಟ್ಟಿಗೆ ತಗಡಿಗೆ ಕರೆಂಟು

ಮೊದಲೇ ಹೇಳಿಬಿಡ್ತೀನಿ, ಇದನ್ನ ಓದಿ ನಮ್ಮೂರಿನ ಕೆಲವರಿಗೆ ಬೇಜಾರಾಗುತ್ತೆ. ಆಗಲಿ. ಬೈಸ್ಕೊಳ್ಳೋದ್ರಲ್ಲಿ ಮೊದಲನೇ ಹೆಸರು ನಂದೇ.

ಹೋದ ದೀಪಾವಳಿಗೆ ನಮ್ಮನೆಗೂ ಎಲ್‌ಇಡಿ ಸ್ಟ್ರಿಪ್ ಲೈಟು ಬಂತು. "ಚಿಕ್ಕಪ್ಪ, ಬೀದಿಲಿ ಎಲ್ಲರೂ ಹಾಕ್ಸಿದ್ದಾರೆ, ನಮ್ಮನೆ ಒಂದೇ ಕತ್ತಲಾಗಿದೆ" ಅಂತ ಅಣ್ಣನ ಮಗ ಪೇಟೆಯಿಂದ ಒಂದು ದೊಡ್ಡ ಸುರುಳಿ ತಂದ. ನಾನೂ ಹೂಂ ಅಂದೆ. ಮನೆ ಸುತ್ತ ಎಳೆದ್ವಿ, ಉಳಿದಿದ್ದನ್ನ ಕೊಟ್ಟಿಗೆ ತಗಡಿನ ಅಂಚಿಗೆ ಬೈಂಡಿಂಗ್ ವೈರಲ್ಲಿ ಬಿಗಿದ್ವಿ. ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಟೇಪು ಸುತ್ತಿದ್ದಾಯ್ತು. ಹಬ್ಬ ಮುಗೀತು, ಲೈಟು ಹಾಗೇ ಉಳೀತು.

ಎಂಟು ದಿನಕ್ಕೆ ರಾತ್ರಿಯೆಲ್ಲ ಮಳೆ. ಬೆಳಗ್ಗೆ ಹಾಲು ಕರೆಯೋಕೆ ಹೋದ ನನ್ನ ಹೆಂಡತಿ ಕೂಗಿದ್ದು ಕೇಳಿ ಓಡಿದೆ. ಕಬ್ಬಿಣದ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ್ದ 7 ತಿಂಗಳ ಹೆಣ್ಣುಕರು ಸೆಟೆದು ಬಿದ್ದಿತ್ತು. ಅವಳು ಅದನ್ನ ಎಬ್ಬಿಸೋಕೆ ಬಗ್ಗಿದ್ಲು. ಪುಣ್ಯಕ್ಕೆ ನಾನು ಕೂಗಿದ್ದು ಕೇಳಿಸ್ತು, ಮೇನ್ ಆಫ್ ಮಾಡಿದೆ. ನೋಡೋಕೆ ಬಂದವರು ದೃಷ್ಟಿ ಅಂದ್ರು, ಗ್ರಹಚಾರ ಅಂದ್ರು. ದೃಷ್ಟಿನೂ ಅಲ್ಲ, ಗ್ರಹಚಾರನೂ ಅಲ್ಲ. ಮೂರು ಕಾಸಿನ ಮುಚ್ಚಳ ಹಾಕದೆ ಟೇಪು ಸುತ್ತಿದ ನನ್ನ ದಡ್ಡತನ.

ಈ ಲೈಟಲ್ಲಿ ಎರಡು ಜಾತಿ ಇದೆ. ಅಂಗಡಿಯವನು ಕೇಳದಿದ್ರೆ ಹೇಳಲ್ಲ. ಒಂದು 12 ವೋಲ್ಟಿಂದು, 5 ಮೀಟರ್ ಸುರುಳಿ. ಅದಕ್ಕೆ ಎಸ್‌ಎಂಪಿಎಸ್ ಅನ್ನೋ ಡಬ್ಬಿ ಬೇಕು, 230 ವೋಲ್ಟನ್ನ 12ಕ್ಕೆ ಇಳಿಸೋದು ಅದೇ. ಇನ್ನೊಂದು ನೇರ 230 ವೋಲ್ಟಿಂದು, ಉದ್ದದ ಸುರುಳಿ, ಡಬ್ಬಿ ಬೇಡ, ಪ್ಲಗ್ ಹಾಕಿದ್ರೆ ಉರಿಯುತ್ತೆ. ಅಗ್ಗ, ಸುಲಭ. ಆದ್ರೆ ಆ ಪಟ್ಟಿ ಒಳಗಿನ ತಾಮ್ರದಲ್ಲಿ ಮೋಟರಿಗೆ ಬರೋ ಅಷ್ಟೇ ಜೋರಿನ ಕರೆಂಟು ಇರುತ್ತೆ. ಕತ್ತರಿಸಿದ ತುದಿ ಅಂದ್ರೆ ಬೋರ್ಡಿಂದ ಹೊರಗೆ ಬಂದ ಬರೀ ವೈರು ಅಂತಲೇ ತಿಳ್ಕೊಳ್ಳಿ. ನಾವು ಅದನ್ನ ಒದ್ದೆ ತಗಡಿಗೆ ಕಟ್ಟಿದ್ವಿ.

"ಎಂಸಿಬಿ ಇದೆಯಲ್ಲ, ಬೀಳುತ್ತೆ ಬಿಡು" ಅನ್ನೋರು ಬಹಳ ಜನ. ನಾನೂ ಹಾಗೇ ಅಂದ್ಕೊಂಡಿದ್ದೆ. ಎಂಸಿಬಿ ಬೀಳೋದು ಲೋಡ್ ಮಿತಿ ಮೀರಿದ್ರೆ, ಇಲ್ಲ ಶಾರ್ಟ್ ಆದ್ರೆ. 16 ಆಂಪಿನ ಎಂಸಿಬಿಗೆ ಕರುವಿನ ಮೈಯಲ್ಲಿ ಹರಿಯೋ ಕರೆಂಟು ಲೆಕ್ಕಕ್ಕೇ ಇಲ್ಲ. ಅದು ವೈರನ್ನ ಕಾಯುತ್ತೆ, ಜೀವವನ್ನ ಕಾಯಲ್ಲ. ಜೀವ ಕಾಯೋದು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸ್ ಬರ್ತಿದೆಯಾ ಅಂತ ಅಳೀತಾ ಇರುತ್ತೆ, 30 ಮಿಲಿಆಂಪ್ ಎಲ್ಲಾದ್ರೂ ಸೋರಿದ್ರೆ ತಕ್ಷಣ ಬೀಳುತ್ತೆ. ನಮ್ಮನೇಲಿ ಅದು ಇರ್ಲಿಲ್ಲ. ನಿಮ್ಮನೇಲಿ ಇದೆಯಾ? ಹೊಸ ಮನೆ ಕಟ್ಟಿಸಿದವರೂ ಹೋಗಿ ಬೋರ್ಡ್ ನೋಡಿ. ಸೀಲಿಂಗಿಗೆ ಬಣ್ಣದ ಪಟ್ಟಿ ಇರುತ್ತೆ, ಆರ್‌ಸಿಸಿಬಿ ಇರಲ್ಲ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆಯ್ತೋ, ಗುಂಡಿ ಎಲ್ಲಿದೆಯೋ ಗೊತ್ತಿರಲ್ಲ. ಇದೇ ನನ್ನ ಸಿಟ್ಟು. ಕಾಣೋದಕ್ಕೆ ದುಡ್ಡಿದೆ, ಕಾಯೋದಕ್ಕಿಲ್ಲ.

"ಎಲ್‌ಇಡಿ ಅಲ್ವಾ, ಕರೆಂಟೇ ಎಳೆಯಲ್ಲ, ಹೇಗೂ ಗೃಹಜ್ಯೋತಿ ಇದೆ" ಅಂತೀರಿ. ಲೆಕ್ಕ ಹಾಕೋಣ ಬನ್ನಿ. ಮೀಟರಿಗೆ 10 ವ್ಯಾಟ್ ಅಂತ ಹಿಡಿದ್ರೂ ಮನೆ ಸುತ್ತ 30 ಮೀಟರಿಗೆ 300 ವ್ಯಾಟ್. ಸಂಜೆ 6ರಿಂದ ರಾತ್ರಿ 12ರ ತನಕ ಉರಿದ್ರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ. 10 (ತೀರಾ ಕಡಿಮೆ ಬಳಸ್ತಿದ್ದವರಿಗೆ 10 ಯೂನಿಟ್), ಅಷ್ಟೇ. ಆಗ 60 ಯೂನಿಟ್ ಬಳಸ್ತಿದ್ದ ಮನೆಗೆ 66 ಸಿಗುತ್ತೆ. ಈಗ 114 ಆದ್ರೆ 48 ಯೂನಿಟ್ಟಿನ ದುಡ್ಡು ನೀವೇ ಕಟ್ಟಬೇಕು.

ಹುಳದ ವಿಷಯ ನಾನು ಹೇಳಬೇಕಾ? ಮೊದಲ ಮಳೆಗೆ ಗೊಣ್ಣೆ ಹುಳದ ದುಂಬಿ ಏಳುತ್ತೆ ಅಂತ ನಾವೇ ಹೊಲದಲ್ಲಿ ಬೆಳಕಿನ ಬಲೆ ಇಡ್ತೀವಿ. ಅದೇ ನಾವು ಜಗಲಿ ಸುತ್ತ ಬೆಳ್ಳಗೆ ಉರಿಯೋ ಪಟ್ಟಿ ಹಾಕಿ ಮನೆನೇ ಬಲೆ ಮಾಡ್ಕೊಂಡಿದ್ದೀವಿ. ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಸೇವಂತಿಗೆ ಬೆಳೆಯೋರಂತೂ ಹುಷಾರು. ರಾತ್ರಿ ಉದ್ದ ಇದ್ರೇನೇ ಅದು ಮೊಗ್ಗು ಕಟ್ಟೋದು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೂವು ತಡವಾಗಿ ಬರಲಿ ಅಂತ ಬೇಕಂತಲೇ ತೋಟದಲ್ಲಿ ಬಲ್ಬು ಕಟ್ತಾರೆ. ನೀವು ಬೇಲಿ ಪಕ್ಕ ರಾತ್ರಿಯೆಲ್ಲ ಬೆಳಕು ಬಿಟ್ಟು, ಅಂಚಿನ ಸಾಲು ಯಾಕೆ ಮೊಗ್ಗಾಗಿಲ್ಲ ಅಂತ ಗೊಬ್ಬರದ ಅಂಗಡಿಗೆ ಓಡಬೇಡಿ.

ಇವನಿಗೆ ಹೊಟ್ಟೆಕಿಚ್ಚು, ಹಳೇಕಾಲದವನು ಅಂತೀರಾ? ನಮ್ಮನೇಲಿ ಈಗಲೂ ಸ್ಟ್ರಿಪ್ ಲೈಟಿದೆ. ಅಡುಗೆಮನೆ ಕಟ್ಟೆ ಮೇಲೆ 2 ಮೀಟರ್, 12 ವೋಲ್ಟಿಂದು. ತರಕಾರಿ ಹೆಚ್ಚೋ ಕಡೆ ತನ್ನ ನೆರಳೇ ಬೀಳ್ತಿತ್ತು, ಈಗ ಬೀಳಲ್ಲ ಅಂತಾಳೆ. ಹಾಲು ಕರೆಯೋ ಜಾಗಕ್ಕೂ ಅದೇ 12 ವೋಲ್ಟಿಂದು. ಬೆಳಕು ಬೇಕಾದ ಕಡೆ ಹಾಕ್ಲೇಬೇಕು. ಹಾಕೋ ರೀತಿಲಿ ಹಾಕಿ:

ಒಂದು, ನೀರು, ತಗಡು, ದನ, ಮಕ್ಕಳ ಕೈ, ಇವು ತಾಗೋ ಕಡೆ 230 ವೋಲ್ಟಿನ ಪಟ್ಟಿ ಬೇಡವೇ ಬೇಡ.

ಎರಡು, 12 ವೋಲ್ಟಿನ ಡಬ್ಬಿಗೂ ಒಳಗೆ ಬರೋದು 230. ಅದನ್ನ ಮನೆಯೊಳಗೆ ಒಣಗಿದ ಕಡೆ ಇಡಿ, ಕಬ್ಬಿಣದ ಡಬ್ಬಿ ಆದ್ರೆ ಅರ್ಥ್ ಕೊಡಿ. ಪಟ್ಟಿಯ ವ್ಯಾಟಿಗಿಂತ ಕಾಲು ಭಾಗ ಜಾಸ್ತಿ ಇರೋ ಡಬ್ಬಿ ತಗೊಳ್ಳಿ. 5 ಮೀಟರ್ ಪಟ್ಟಿ 72 ವ್ಯಾಟ್ ಇದ್ರೆ 100 ವ್ಯಾಟಿಂದು. 60ರದ್ದು ತಂದ್ರೆ ಕಾದು ಸುಡುತ್ತೆ.

ಮೂರು, ಒಂದೇ ತುದಿಯಿಂದ 5 ಮೀಟರ್ ದಾಟಿಸಬೇಡಿ, ಕೊನೆಗೆ ಮಂಕಾಗುತ್ತೆ. ಕತ್ತರಿ ಗುರುತು ಇರೋ ಕಡೆ ಮಾತ್ರ ಕತ್ತರಿಸಿ. ಸುಣ್ಣದ ಗೋಡೆಗೆ ಅಂಟು ನಿಲ್ಲಲ್ಲ, ಅಲ್ಯೂಮಿನಿಯಂ ಚಾನೆಲ್ ಹೊಡೆಸಿ, ಶಾಖವನ್ನೂ ಅದೇ ಎಳ್ಕೊಳ್ಳುತ್ತೆ. ಕೊಟ್ಟಿಗೆಗೆ ಐಪಿ 65 ಅಂತ ಬರೆದಿರೋದೇ ಬೇಕು.

ನಾಲ್ಕು, ಇದೆಲ್ಲಕ್ಕಿಂತ ಮೊದಲು ಆರ್‌ಸಿಸಿಬಿ. ಇದ್ರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಬೀಳಲಿಲ್ಲ ಅಂದ್ರೆ ಇದ್ದೂ ಇಲ್ಲದ ಹಾಗೆ.

ವೈರಿಂಗ್ ಕೆಲಸ ಮಾಡೋ ಹುಡುಗರಿಗೂ ಒಂದು ಮಾತು. "ಏನೂ ಆಗಲ್ಲ ಬಿಡಿ ಅಣ್ಣಾ" ಅನ್ನೋದನ್ನ ಬಿಡ್ರಪ್ಪ. ಮಾಲೀಕ ಬೇಡ ಅಂದ್ರೂ ಆರ್‌ಸಿಸಿಬಿ ಇಲ್ಲದೆ ಹೊರಗಡೆ ಲೈಟು ಕಟ್ಟಲ್ಲ ಅನ್ನಿ. ಕರು ಹೋದ ಮೇಲೆ ನಾನು ಹಾಕ್ಸಿದ ಆರ್‌ಸಿಸಿಬಿ, ಮೊದಲೇ ಇದ್ದಿದ್ರೆ ಕರುವಿನ ಬೆಲೆಯಲ್ಲಿ ಕಾಲು ಭಾಗವೂ ಆಗ್ತಿರ್ಲಿಲ್ಲ. ಹೆಂಡತಿ ವಿಷಯದಲ್ಲಿ ಆ ಲೆಕ್ಕ ಹಾಕೋಕೂ ನನ್ನಿಂದ ಆಗಲ್ಲ.

ಇವತ್ತು ಸಂಜೆ ಲೈಟ್ ಸ್ವಿಚ್ ಒತ್ತೋ ಮುಂಚೆ ಬೋರ್ಡಿನ ಮುಚ್ಚಳ ತೆಗೆದು ನೋಡಿ. ಆರ್‌ಸಿಸಿಬಿ ಇಲ್ಲದಿದ್ರೆ ಹೊರಗಿನ ಪಟ್ಟಿಯ ಪ್ಲಗ್ ಕೀಳಿ. ಒಂದು ವಾರ ಮನೆ ಕತ್ತಲಾಗಿದ್ರೆ ಮರ್ಯಾದೆ ಹೋಗಲ್ಲ.